ನೋಡುವ

ಸೋಮವಾರ ಪೈಂಟಿನ ಯಾದವ ಬರ್ತಾನೆ.
ಅಷ್ಟರೊಳಗೆ ಗೋಡೆ ಎಲ್ಲುಂಟೆಂದು ಅವನಿಗೆ ಕಾಣಬೇಕು.

ಹಾಗಾಗಿ ತಂಗಿ ಪ್ರಫುಲ್ಲ ಕೋಟೆಕಾರಿನಿಂದ ಬಂದಿದ್ದಾಳೆ,
ಸೆರಗು ಸೊಂಟಕ್ಕೆ, ಕೈಯಲ್ಲೊಂದು ಸೀಮೆಸುಣ್ಣ.
ಚಾವಡಿಯ ಕೆಂಪು ನೆಲದಲ್ಲಿ ಮೂರು ಚೌಕ ಬರೆದಳು:
ಇಡುವುದು. ಕೊಡುವುದು. ಗುಜರಿ.
ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳನ್ನು ಸಾಲು ನಿಲ್ಲಿಸಿದವಳು,
ನನ್ನ ಡಬ್ಬಿಗಳನ್ನು ಬಿಡುತ್ತಾಳಾ?

ಐಸ್‌ಕ್ರೀಮಿನ ಖಾಲಿ ಡಬ್ಬಿ ನಲವತ್ತಾರು,
ಮುಚ್ಚಳ ಐವತ್ತೆರಡು.
ಲೆಕ್ಕ ಹೇಗೆ ತಪ್ಪಿತೆಂದು ಕೇಳಬೇಡಿ.
ತೊಟ್ಟೆಯೊಳಗೆ ತೊಟ್ಟೆ, ಅದರೊಳಗೆ ಇನ್ನೊಂದು,
ಬಿಚ್ಚುತ್ತ ಹೋದರೆ ಕಡೆಗೆ ಸಿಕ್ಕಿದ್ದು
ಯಾರದೋ ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟದ್ದು,
ಮೇಲೆ ಗಂಡು ಹೆಣ್ಣಿನ ಹೆಸರು.
ಅವರು ಬೇರೆಯಾಗಿ ಏಳು ವರ್ಷ. ತೊಟ್ಟೆ ಹರಿದಿಲ್ಲ.

ಬೀಗವಿಲ್ಲದ ಬೀಗದಕೈಗಳು, ಬೀಡಿ ಕಟ್ಟುತ್ತಿದ್ದ ಸೂಪು,
ಒಂದೇ ಕಿವಿಯ ಬಾಣಲೆ.
ಪ್ರಫುಲ್ಲ ಎತ್ತಿ ಹಿಡಿಯುತ್ತಾಳೆ: "ಇದು?"
"ನೋಡುವ."
ನಮ್ಮ ಊರಲ್ಲಿ ಇಲ್ಲ ಎಂಬ ಮಾತಿಲ್ಲ.
ಸಾಲ ಕೇಳಿದವರಿಗೆ ನೋಡುವ, ಹೆಣ್ಣು ಕೇಳಿದವರಿಗೆ ನೋಡುವ,
ಡಾಕ್ಟರು ಆಪರೇಷನ್ ಎಂದರೂ ನೋಡುವ.
ಮಧ್ಯಾಹ್ನಕ್ಕೆ ಅವಳಿಗೆ ಸಾಕಾಗಿ ನಾಲ್ಕನೇ ಚೌಕ ಬರೆದಳು,
ಅದಕ್ಕೆ ಅದೇ ಹೆಸರು.
ಗಂಟೆ ಮೂರಾಗುವಾಗ ಅದು ಬೆಳೆದು
ಅಡುಗೆಮನೆಯ ಬಾಗಿಲು ಕಟ್ಟಿತು.

ಆಮೇಲೆ ಅಟ್ಟ.
ಹಂಡೆಯೊಳಗೆ, ಗೋಣಿಯಡಿ, ಒಂದು ಸ್ಟೀಲು ಪಾತ್ರೆ.
ಕಂಠದ ಕೆಳಗೆ ಚುಕ್ಕಿ ಚುಕ್ಕಿ ಹೊಡೆದ ಅಕ್ಷರ:
ಎಸ್. ಎಂ. ಲೋಬೊ.
ಕಣ್ಣು ಬೇಡ, ಬೆರಳಿಗೇ ಓದಲಿಕ್ಕಾಗ್ತದೆ.

ಸೆವ್ರಿನ್ ಬಾಯಿಯದ್ದು. ಎದುರು ಮನೆ.
ಪ್ರಫುಲ್ಲನ ಮೊಮ್ಮಗನ ತೊಟ್ಟಿಲಿಗೆ, ಪಾಯಸಕ್ಕೆಂದು ತಂದದ್ದು.
ಹುಡುಗ ಈಗ ಆರನೇ ಕ್ಲಾಸು.
ತಿಂಗಳು ಬಿಟ್ಟು ಅವರು ಕೇಳಿದ್ದರು, "ನನ್ನ ಪಾತ್ರೆ?"
"ಆವತ್ತೇ ಕೊಟ್ಟಿದ್ದೇನಲ್ಲ."
"ಇಲ್ಲ ಮಾರಾಯ್ತಿ."
"ಹಾಗಾದರೆ ನಾನು ಕಳ್ಳಿಯಾ?"
ಕಳ್ಳಿ ಎಂದು ಅವರು ಹೇಳಿರಲಿಲ್ಲ. ಹೇಳಿದ್ದು ನಾನೇ.
ಧರ್ಮಸ್ಥಳದ ಆಣೆಯೊಂದು ಹಾಕಿರಲಿಲ್ಲ, ಪುಣ್ಯ.

ಜೆಪ್ಪುವಿನ ಈ ಓಣಿಯಲ್ಲಿ ಹನ್ನೊಂದು ವರ್ಷ
ಒಂದೇ ಮೀನಿನ ಬುಟ್ಟಿಗೆ ಇಬ್ಬರೂ ಬಗ್ಗಿದ್ದೇವೆ;
ಅವರು ಬಂಗುಡೆ ನೋಡಿದರೆ ನಾನು ಬೂತಾಯಿ ನೋಡಿದೆ.
ಆಚೆಯಿಂದ ಕುಸ್ವಾರ್ ಬರಲಿಲ್ಲ,
ಈಚೆಯಿಂದ ಅಷ್ಟಮಿಯ ಮೂಡೆ ಹೋಗಲಿಲ್ಲ.

ಪ್ರಫುಲ್ಲ ಸೀಮೆಸುಣ್ಣ ಹಿಡಿದು ನಿಂತಳು. ಯಾವ ಚೌಕ?
ಇಡಲಿಕ್ಕೆ ನನ್ನದಲ್ಲ.
ಕೊಟ್ಟೆ ಎನ್ನಲಿಕ್ಕೂ ನನ್ನದಾಗಿರಬೇಕಲ್ಲ.
ಗುಜರಿಯವನು ತಕ್ಕಡಿಗೆ ಹಾಕಿಯಾನು,
ಅವನ ಕಲ್ಲು ಅಷ್ಟು ದೊಡ್ಡದಿಲ್ಲ.
ನೋಡುವ ಎನ್ನಲು ಬಾಯಿ ತೆರೆದೆ.
ಧೂಳಿಗೆ ಕೆಮ್ಮು ಬಂತು.

ತಿಕ್ಕಿದೆ. ಎರಡು ಸಲ ತಿಕ್ಕಿದೆ.
ಖಾಲಿ ಪಾತ್ರೆ ಹಿಂದೆ ಕೊಡಬಾರದು,
ಏನಿಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು.
ಹನ್ನೊಂದು ವರ್ಷಕ್ಕೆ ಎಷ್ಟು ಹಿಡಿ?
ಸಕ್ಕರೆ ಯಾವ ರಾಶಿಯಡಿ ಉಂಟೆಂದು
ಈಗ ಬರೆದವಳಿಗೂ ಗೊತ್ತಿಲ್ಲ.
ಹುಡುಕಿ, ಇದ್ದಷ್ಟೂ ಸುರಿದು, ಸೆರಗು ಮುಚ್ಚಿ
ಓಣಿ ದಾಟಿದೆ. ಎಂಟು ಹೆಜ್ಜೆ. ಎಣಿಸಿದೆ.

ಬಾಗಿಲು ತೆರೆದ ಸೆವ್ರಿನ್ ಬಾಯಿ ಕನ್ನಡಕ ಏರಿಸಿ
ನನ್ನನ್ನಲ್ಲ, ಪಾತ್ರೆಯನ್ನು ನೋಡಿದರು.
ಚುಕ್ಕಿಗಳ ಮೇಲೆ ಹೆಬ್ಬೆರಳು ಓಡಿಸಿದರು.
ಸಕ್ಕರೆಯಲ್ಲೊಂದು ಇರುವೆ.
ಅದನ್ನು ಬೆರಳಿಗೆ ಹತ್ತಿಸಿ ಹೊಸ್ತಿಲಿಗೆ ಬಿಟ್ಟರು.
ಆಮೇಲೆ, ನಿನ್ನೆಯ ಮಾತನ್ನು ಎತ್ತಿಕೊಂಡ ಹಾಗೆ:

"ಇದಕ್ಕೊಂದು ಮುಚ್ಚಳ ಇತ್ತಲ್ಲ, ವಾರಿಜಾ?"

"ನೋಡುವ" ಎಂದೆ.

ಕುರ್ಚಿಯ ಮೇಲೆ ಮಡಚದ ಬಟ್ಟೆಯ ಗುಡ್ಡ.
ಎರಡೂ ಕೈಯಲ್ಲಿ ಅದನ್ನು ಆಚೆಗೆ ತಳ್ಳಿ
"ಕೂತ್ಕೊ" ಎಂದರು.