ಒಂದು ಗಂಟೆಯ ಗೋಡೆ

ಡಂಡೀ ಊರು, ಹನ್ನೊಂದನೇ ಮಹಡಿ, ಫೆಬ್ರವರಿ.
ಸಿಂಕಿನ ಕೆಳಗೆ ಮೊಣಕಾಲೂರಿ ಟಾರ್ಚು ಹಿಡಿದರೆ
ತೂತು, ನನ್ನ ಮುಷ್ಟಿ ಹೋಗುವಷ್ಟು.
ಹಳೇ ಪೈಪು ಕಿತ್ತವರು ಮುಚ್ಚದೆ ಹೋಗಿದ್ದಾರೆ;
ಆಮೇಲೆ ಯಾರೋ ಪತ್ರಿಕೆ ತುರುಕಿದ್ದಾರೆ,
ಬೆಂಕಿಗೇ ಬುತ್ತಿ ಕಟ್ಟಿಟ್ಟಂತೆ.

ಪತ್ರಿಕೆ ಎಳೆದೆ. ಆಚೆಮನೆಯ
ಹುರಿದ ಈರುಳ್ಳಿ ವಾಸನೆ ಈಚೆ ಬಂತು.
"ಅದನ್ನೂ ಮುಚ್ಚುತ್ತೀಯಾ?" ಎಂದಳು ಮುದುಕಿ ಎಫೀ ಲಾರ್ನಿ,
ಕೈಯಲ್ಲಿ ಆರಿದ ಟೀ.
ರಾತ್ರಿ ಅವಳಿಗೆ ಕೆಮ್ಮು ಬಂದರೆ
ಆಚೆಯಿಂದ ಬ್ರೂನೋ ಎಂಬ ಹುಡುಗ
ಚಮಚದಲ್ಲಿ ಎರಡು ಸಲ ಕುಟ್ಟುತ್ತಾನಂತೆ.
ಇವಳೂ ಎರಡು ಸಲ.
ಮೂರು ವರ್ಷದಿಂದ ಅಷ್ಟೇ ಮಾತು.

ನಾನು ನಿಯಮ ಹೇಳಿದೆ: ಈ ಗೋಡೆ
ಒಂದು ಗಂಟೆ ಬೆಂಕಿಯನ್ನು ತಡೆದು ನಿಲ್ಲಬೇಕು,
ಮೆಟ್ಟಿಲಿಳಿಯಲು ನಿಮಗೆ ಅಷ್ಟು ಹೊತ್ತು ಬೇಕು.
"ನನ್ನ ಮಂಡಿಗೆ ಒಂದೂವರೆ," ಎಂದಳು.

ಕಲ್ಲಿನ ಉಣ್ಣೆ ತುಂಬಿದೆ, ಒತ್ತಿದೆ.
ಮೇಲೆ ಬಿಳಿ ಅಂಟು;
ಕಾದರೆ ಹುದುಗಿದ ಹಿಟ್ಟಿನಂತೆ ಉಬ್ಬಿ
ಸಂದಿ ಬಿಗಿಯುವಂಥದ್ದು.
ಉಬ್ಬುವ ದಿನ ಬಾರದಿರಲಿ ಎಂದುಕೊಂಡೇ
ಹನ್ನೆರಡು ವರ್ಷ ಹಚ್ಚಿದ್ದೇನೆ.
ನನ್ನ ಕೆಲಸ ಸರಿಯೋ ತಪ್ಪೋ
ಇಂದಿಗೂ ನಾನು ಕಂಡಿಲ್ಲ.

ಚೀಟಿ ಅಂಟಿಸಿದೆ: ತಾರೀಕು, ಸಹಿ,
ಯಾರೂ ಕೀಳಬೇಡಿ ಎಂಬ ಒಂದು ಸಾಲು.
ಬಾಗಿಲು ದಾಟುವಾಗ ಎಫೀ
ಮಂಡಿ ಹಿಡಿದು ಬಗ್ಗಿ, ಚಮಚ ತೆಗೆದು,
ಹಸಿ ಅಂಟಿನ ಪಕ್ಕದ ಗಾರೆಗೆ ಕುಟ್ಟಿದಳು.
ಎರಡು ಸಲ.
ಲಿಫ್ಟಿನ ಗುಂಡಿ ಒತ್ತದೆ
ನಾನೂ ಕಿವಿಗೊಟ್ಟು ನಿಂತೆ.