ಸಾಲಗಾಮೆ ರಸ್ತೆ

ಹೆಸರಲ್ಲೇ ಸಾಲವಿದೆ ಈ ರಸ್ತೆಗೆ,
ನನಗೆ ಮಾತ್ರ ಇಲ್ಲವಂತೆ.

ಬೇಕರಿಗೆ ಹೊಸ ಓವನ್ ಬೇಕಿತ್ತು.
ಇಸ್ತ್ರಿ ಅಂಗಿ ತೊಟ್ಟು ಹೋಗಿದ್ದೆ.
ಬ್ಯಾಂಕಿನ ಹುಡುಗಿ ಪರದೆಯನ್ನು ನನ್ನತ್ತ ತಿರುಗಿಸಿದಳು:
ಐನೂರ ಅರವತ್ತೊಂದು.
ಎಸ್ಸೆಸ್ಸೆಲ್ಸಿಯಲ್ಲಿ ಇಷ್ಟು ಬಂದಿದ್ದರೆ
ಅಪ್ಪ ಬೀದಿಗೆಲ್ಲ ಪೇಡ ಹಂಚುತ್ತಿದ್ದ.

ಕಾಮಾಲೆಯಾಗಿ ಮಲಗಿದ ಮೂರು ತಿಂಗಳು
ಫೋನಿನ ಕಂತು ಕಟ್ಟಿರಲಿಲ್ಲ.
ಆಮೇಲೆ ಕಟ್ಟಿದೆ, ದಂಡ ಸಮೇತ.
‘ಕಟ್ಟಿದ್ದೂ ಇದೆ ಸಾರ್, ತಪ್ಪಿಸಿದ್ದೂ ಇದೆ.
ಇದು ಬೇಗ ಮರೆಯೋದಿಲ್ಲ.’
ಕಾಮಾಲೆಗೆ ಅಲ್ಲಿ ಕಾಲಂ ಇರಲಿಲ್ಲ.
ಬೇರೆ ಕಡೆ ಕೊಡುತ್ತಾರಂತೆ, ಬಡ್ಡಿ ಜಾಸ್ತಿ:
ಎಡವಿದವನ ತಲೆಗೆ
ಇನ್ನೊಂದು ಮೂಟೆ.

ಸಂಜೆ ಬನ್ನು ಮುಗಿದ ಮೇಲೆ
ಉದ್ರಿ ಪುಸ್ತಕ ತೆಗೆದೆ, ಸುಮ್ಮನೆ.
ಮೂವತ್ತೆರಡನೇ ಪುಟ. ಗಾರೆ ಕೆಲಸದ ಜವರಪ್ಪ.
ಪಕ್ಕದಲ್ಲಿ ಕೆಂಪು ಶಾಯಿ, ನನ್ನದೇ ಕೈ:
ಕೊಡಬೇಡ.

ಬಾಕಿ ಎಷ್ಟಿತ್ತು? ಎಪ್ಪತ್ತು ರೂಪಾಯಿ.
ತೀರಿಸಿದ್ದು? ಹಾಸನಾಂಬೆ ಬಾಗಿಲು ತೆರೆದ ವಾರ,
ಚಿಲ್ಲರೆಯಲ್ಲಿ, ಎರಡು ಸಲ ಎಣಿಸಿ.
ತಡ ಯಾಕಾಯಿತು?
ನಾನು ಕೇಳಿರಲಿಲ್ಲ.

ಬೆರಳಿಗೆ ಎಂಜಲು ಹಚ್ಚಿ ಉಜ್ಜಿದೆ.
ಅಕ್ಷರ ಮಾಸುವ ಮೊದಲೇ
ಹಾಳೆ ತೂತಾಯಿತು.