ಸಂಖ್ಯೆ ಇನ್ನೂರ ಹದಿನಾಲ್ಕು

ಮೊದಲು ಹುಲ್ಲು ಹೋಯಿತು.
ವಿಯೆಸ್ವಾಫ್‌ನ ಯಂತ್ರ ತನ್ನ ಹಲ್ಲಿಲ್ಲದ ಬಾಯಲ್ಲಿ
ಹೊಲದ ತೊಗಲನ್ನು ಮೆಲ್ಲಗೆ ಸುಲಿಯಿತು,
ಎರಡು ಗೇಣು, ಅಷ್ಟೇ.
ಬೆರಳಷ್ಟು ಹೆಚ್ಚು ಇಳಿದರೂ
ಡಿಂಪ್ನಾ ಕೈಯೆತ್ತಿ ಕೂಗುತ್ತಾಳೆ.

ಏಪ್ರಿಲ್‌ಗೆ ಹೆದ್ದಾರಿಯವರು ಬರುತ್ತಾರೆ.
ನಮಗಿರುವುದು ಒಂಬತ್ತು ವಾರ,
ರಾಸ್ಕಾಮನ್ನಿನ ಮಳೆಗೆ ಅದರಲ್ಲಿ ಐದು.

ಹಳದಿ ಜೇಡಿಯಲ್ಲಿ ಒಂದು ಕಪ್ಪು ದುಂಡು:
ಕಂಬ ನಿಂತಿದ್ದ ಜಾಗ.
ಕಂಬ ಕೊಳೆತು, ಮಾಡು ಬಿದ್ದು,
ಆ ಮನೆಯವರು ಆಡುತ್ತಿದ್ದ ಮಾತೂ ಸತ್ತು
ಕುಳಿ ಮಾತ್ರ ಉಳಿದಿದೆ.
ಅದಕ್ಕೆ ನಾವು ಎರಡು ಸಂಖ್ಯೆ ಕೊಡುತ್ತೇವೆ,
ತೋಡಿದ್ದಕ್ಕೊಂದು, ತುಂಬಿದ್ದಕ್ಕೊಂದು.
ನನಗೂ ಅಷ್ಟೇ ಸಾಕಾದೀತೇ ಎಂದು
ಊಟದ ಹೊತ್ತಿಗೆ ಯೋಚಿಸುತ್ತ ಕೂತೆ.
ಸೂಪು ಆರಿ ಹೋಯಿತು.

ಉತ್ತರದ ಅಂಚಿಗೆ, ಜೌಗಿನ ಬದಿಯಲ್ಲಿ
ಕಾಯಿಸಿ ನೀರಿಗೆಸೆದು ಬಿರಿದ ಕಲ್ಲುಗಳ ದಿಬ್ಬ,
ಮೂರೂವರೆ ಸಾವಿರ ವರ್ಷದ್ದು.
ನೀರು ಕಾದದ್ದು ಮಾಂಸ ಬೇಯಿಸಲೋ, ಮೀಯಲೋ?
ಈ ಪ್ರಶ್ನೆಗೆ ಜಗಳವಾಡಿ ನಮ್ಮಲ್ಲಿಬ್ಬರು
ಹತ್ತು ವರ್ಷದಿಂದ ಮಾತು ಬಿಟ್ಟಿದ್ದಾರೆ.

ಅದರಾಚೆ ಓಟ್ಸ್ ಒಣಗಿಸುವ ಒಲೆ.
ಯಾವುದೋ ಸಂಜೆ ಯಾರೋ ತೂಕಡಿಸಿ
ಉರಿ ಹೆಚ್ಚಾಗಿ ಕಾಳೆಲ್ಲ ಕರಕಲು.
ಸರಿಯಾಗಿ ಒಣಗಿದ್ದರೆ ಅವರು ತಿಂದು ಮುಗಿಸುತ್ತಿದ್ದರು;
ಸುಟ್ಟದ್ದರಿಂದ ನಮಗೆ ಉಳಿಯಿತು.
ಜರಡಿ ಹಿಡಿದೆ. ಕಾಳು ಸಿಕ್ಕಿತು, ಇದ್ದಿಲು ಸಿಕ್ಕಿತು.
ಆ ರಾತ್ರಿಯ ಬೈಗುಳ ಸಿಗಲಿಲ್ಲ.

ಎಲ್ಲದರ ಮೇಲೂ ಆಲೂಗಡ್ಡೆಯ ಏರಿಗಳು,
ಬಾಚಣಿಗೆ ಎಳೆದಂತೆ.
ಕೊನೆಯ ನಾಲ್ಕನ್ನು ಯಾರೂ ಅಗೆದಿಲ್ಲ.
ನೆಟ್ಟವರು ಹಡಗು ಹತ್ತಿದರೋ
ಇಲ್ಲೇ ಎಲ್ಲೋ ಗುಂಡಿಗಿಳಿದರೋ,
ಅದನ್ನು ಬರೆಯಲು ನಮ್ಮ ನಮೂನೆಯಲ್ಲಿ ಜಾಗವಿಲ್ಲ.

ಏಳನೇ ವಾರ, ಸಂಖ್ಯೆ ಇನ್ನೂರ ಹದಿನಾಲ್ಕು.
ಉದ್ದನೆಯ ಗುಂಡಿ. ಪೂರ್ವಕ್ಕೆ ತಲೆಯಿಟ್ಟು
ಕಾಲು ಮಡಿಸಿ ಜೋಪಾನವಾಗಿ ಮಲಗಿಸಿದ ಹಸು,
ಹೊಟ್ಟೆಯ ಜಾಗದಲ್ಲಿ ಇನ್ನೊಂದು
ಪುಟ್ಟ ಎಲುಬುಗೂಡು.
ಕಾನ್ಲೆತ್ ಕ್ಯಾಮೆರಾ ತಂದ. ಡಿಂಪ್ನಾಳ ದನಿ ತಗ್ಗಿತು.
ಬಲಿ ಎಂಬ ಪದ ಯಾರ ಬಾಯಲ್ಲೂ ಬರಲಿಲ್ಲ,
ಎಲ್ಲರ ಮುಖದಲ್ಲೂ ಇತ್ತು.

ಮಾಲಕಿ ಟಿಯರ್ನನ್, ಹೊಲದ ಒಡೆಯ,
ಹೋದ ಶರತ್ಕಾಲದವರೆಗೂ ಒಡೆಯ,
ಬೇಲಿ ದಾಟಿ ಬಂದು ನೋಡಿದ. ಟೊಪ್ಪಿ ತೆಗೆದ.
‘ನಮ್ಮ ಮೌಡಿ,’ ಎಂದ.
‘ಅರವತ್ತೇಳರ ಚಳಿಗಾಲ. ಕರು ಅಡ್ಡ ನಿಂತಿತ್ತು.
ಕಸಾಯಿಯವನು ಗಾಡಿ ತಂದಿದ್ದ, ಅಮ್ಮ ವಾಪಸು ಕಳಿಸಿದಳು.
ಇಡೀ ರಾತ್ರಿ ಒಬ್ಬಳೇ ತೋಡಿದಳು.
ಲಾಟೀನು ನಾನು ಹಿಡಿದಿದ್ದೆ. ನಿದ್ದೆ ಬಂದು ಕೈ ಜಾರಿದಾಗಲೆಲ್ಲ
ಮೊಣಕೈಗೆ ಒಂದು ಏಟು.’
ಸ್ವಲ್ಪ ತಡೆದು ಕೇಳಿದ:
‘ಮ್ಯೂಸಿಯಮ್ಮಿಗೆ ಹೋಗುತ್ತಾಳೆಯೇ?’

ಯಾರೋ ನಕ್ಕರು. ನಾನೇ ಇರಬೇಕು.
ಡಿಂಪ್ನಾ ಹಾಳೆ ತೆಗೆದು ಓರೆಯಾಗಿ ಗೆರೆ ಎಳೆದಳು:
ಇತ್ತೀಚಿನದು. ಇಡಬೇಕಿಲ್ಲ.
ಕಾನ್ಲೆತ್ ಮೂರು ಫೋಟೋ ಅಳಿಸಿದ, ನಾಲ್ಕನೆಯದನ್ನು ಉಳಿಸಿಕೊಂಡ.

ಸಂಜೆ ಎಲ್ಲರೂ ವ್ಯಾನು ಹತ್ತಿದ ಮೇಲೆ
ಮಾಲಕಿ ಎರಡು ಗೊಬ್ಬರದ ಚೀಲ ತಂದ.
ದೊಡ್ಡ ಎಲುಬುಗಳು ಒಂದರಲ್ಲಿ.
ಕರುವಿನದನ್ನು ಅವನು ಬೇರೆ ಇಡಲು ಹೋದ,
ಮತ್ತೆ ಏನನ್ನಿಸಿತೋ, ಎಲ್ಲವನ್ನೂ ಒಂದಕ್ಕೇ ಸುರಿದ.
ರಸ್ತೆಯ ನಕ್ಷೆ ಮುಟ್ಟದ ಮೂಲೆಯೊಂದಿದೆ,
ಮುಳ್ಳುಗಿಡದ ಹಿಂದೆ, ಎರಡು ಮಂಚ ಹಿಡಿಸುವಷ್ಟು.

ಹದಿನಾರು ವರ್ಷದಿಂದ ಅಗೆಯುತ್ತಿದ್ದೇನೆ.
ಏನನ್ನಾದರೂ ಒಳಗಿಡಲು ಅಗೆದದ್ದು ಇದೇ ಮೊದಲು.
ಅಭ್ಯಾಸಬಲ, ಅಂಚು ನೇರ ಮಾಡಿದೆ,
ತಳವನ್ನು ಕರಣೆಯಿಂದ ಕೆರೆದು ನುಣುಪು ಮಾಡಿದೆ,
ಉತ್ತರ ಯಾವ ಕಡೆ ಎಂದು ನೋಡಿದೆ.
ಮುಂದೆಂದೋ ಯಾರೋ ಇಲ್ಲಿಗೆ ಬಂದು
ಚೆಲ್ಲಾಪಿಲ್ಲಿ ಎಲುಬಿಗೆ ಇಷ್ಟು ಚೊಕ್ಕ ಗುಂಡಿಯೇ ಎಂದು
ತಲೆ ಕೆಡಿಸಿಕೊಳ್ಳಲಿ.

ಟಾರ್ಚು ಹಿಡಿದು ನಿಂತ ಮಾಲಕಿ
ಒಳಗೆ ಬಗ್ಗಿ ನೋಡಿದ.
‘ಇನ್ನೊಂದು ಮೊಳ ಬೇಕು,’ ಎಂದ,
‘ನರಿಗಳಿವೆ.’